ಮೂವತ್ತಮೂರು ಅಡಿಗೆ ಒಂದು ಕೆ.ಜಿ.

ನಮ್ಮಪ್ಪನಿಗೆ ನೀರಿನ ಲೆಕ್ಕ ಲೀಟರಿನಲ್ಲಿರಲಿಲ್ಲ, ಕೆ.ಜಿ.ಯಲ್ಲಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್ಸುಗಳ ಫಿಟ್ಟರ್ ಆಗಿದ್ದವರು ಅವರು. ಅಲ್ಲಿ ಎಣ್ಣೆಯ ಒತ್ತಡ ನೂರಿನ್ನೂರು ಕೆ.ಜಿ. ಇರುತ್ತಿತ್ತು. ಒಂದು ಚದರ ಸೆಂಟಿಮೀಟರಿನ ಮೇಲೆ ಇಷ್ಟು ಕಿಲೋಗ್ರಾಂ ಭಾರ ಎಂದು ಕಾರ್ಖಾನೆಯ ಮಂದಿ ಬಿಡಿಸಿ ಹೇಳುವುದಿಲ್ಲ, ‘ಎರಡು ಕೆ.ಜಿ. ಪ್ರೆಷರ್’ ಅಂದರೆ ಮುಗಿಯಿತು. ಮನೆಗೆ ಬಂದ ಮೇಲೂ ಅವರದು ಅದೇ ಮಾತು. ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಕೊಳಾಯಿಯಲ್ಲಿ ನೀರು ಸಣ್ಣಗೆ ಇಳಿಯುವುದನ್ನು ನೋಡಿ ಅಮ್ಮ ಗೊಣಗಿದರೆ, ಅಪ್ಪ ಒಂದು ಸಲ ಬಗ್ಗಿ ನೋಡಿ, “ಕಾಲು ಕೆ.ಜಿ.ನೂ ಇಲ್ಲ ಬಿಡೇ” ಅನ್ನುತ್ತಿದ್ದರು. “ಏನು, ಬೀನ್ಸ್ ತೂಗ್ತಿದೀರಾ?” ಎಂದು ಅಮ್ಮ ಕೇಳಿದ್ದು ಇನ್ನೂ ನೆನಪಿದೆ.

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ರಸ್ತೆ ಇಳಿಜಾರಿನದು. ತಗ್ಗಿನ ಮನೆಗಳವರು ತುಂಬಿಸಿಕೊಂಡು ನಲ್ಲಿ ನಿಲ್ಲಿಸಿದ ಮೇಲೆ ಏರಿನ ಮನೆಗಳ ಸರದಿ. ಇದಕ್ಕೆ ಅಲ್ಲಿನವರು ಕಂಡುಕೊಂಡ ಉಪಾಯ ಗುಂಡಿ. ಗೇಟಿನ ಪಕ್ಕ ಮೂರಡಿ ಆಳಕ್ಕೆ ತೋಡಿ, ನೆಲದಿಂದ ಮೇಲೇಳುವ ಪೈಪನ್ನು ಕತ್ತರಿಸಿ, ತಳದಲ್ಲೇ ಕೊಳಾಯಿ ಕೂರಿಸುವುದು. ಸುತ್ತ ಸೈಜುಗಲ್ಲು, ಇಳಿಯಲು ಎರಡು ಮೆಟ್ಟಿಲು, ಮೇಲೆ ಮುಚ್ಚಲು ಒಂದು ತಗಡು. ಬಿಂದಿಗೆ ಹಿಡಿಸದಷ್ಟು ಇಕ್ಕಟ್ಟಾದರೆ ಚೊಂಬಿನಲ್ಲಿ ಹಿಡಿದು ಮೇಲಕ್ಕೆ ಕೊಡಬೇಕು. ಆ ಕೆಲಸ ಗುಂಡಿಯಲ್ಲಿ ಹಿಡಿಸುವವರದು, ಅಂದರೆ ನನ್ನದು. “ಒಂದಡಿ ಇಳಿದರೆ ಮೂವತ್ತು ಗ್ರಾಂ ಲಾಭ” ಎಂದು ಅಪ್ಪ ಮೇಲೆ ನಿಂತು ಪಾಠ ಹೇಳುತ್ತಿದ್ದರು. ಮೂವತ್ತಮೂರು ಅಡಿ ನೀರಿನ ಕಂಬಕ್ಕೆ ಒಂದು ಕೆ.ಜಿ., ಹಾಗಾಗಿ ಅಡಿಗೆ ಮೂವತ್ತು ಗ್ರಾಂ. ಪೈಪು ದಪ್ಪವಿರಲಿ ಸಣ್ಣದಿರಲಿ, ನಿಂತ ನೀರಿಗೆ ಎತ್ತರವೊಂದೇ ಗೊತ್ತು. ಮೂರಡಿಯ ಗುಂಡಿಯಿಂದ ನಮಗೆ ಬಂದದ್ದು ತೊಂಬತ್ತು ಗ್ರಾಂ. ಆ ತೊಂಬತ್ತು ಗ್ರಾಮಿನಲ್ಲಿ ನಮ್ಮ ಮನೆಯ ಸ್ನಾನ, ಅಡುಗೆ, ಬಟ್ಟೆ ನಡೆದವು.

ಬೆಂಗಳೂರು ದೊಡ್ಡ ಊರಾದ ಮೇಲೆ ತನ್ನ ಕಾಲ ಬುಡದ ನೀರಷ್ಟನ್ನೇ ನೆಚ್ಚಿ ಬದುಕಿಲ್ಲ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲೆ, ಗುಡ್ಡದ ಬೆನ್ನಿನ ಮೇಲೆ ಕೂತಿರುವ ಊರಿಗೆ ನೀರು ಎಲ್ಲಿಂದ ಬಂದರೂ ಎತ್ತಿಯೇ ತರಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳವೆಯಲ್ಲಿ ಬಂತು. ಸೋಲದೇವನಹಳ್ಳಿಯಲ್ಲಿ ಪಂಪು ಮಾಡಿ ಎತ್ತಿದ ನೀರನ್ನು ಮಲ್ಲೇಶ್ವರದ ದಿಬ್ಬದ ಮೇಲೆ ಶೋಧಿಸುವ ಏರ್ಪಾಡಾಯಿತು. ಜ್ಯುವೆಲ್ ಫಿಲ್ಟರ್ಸ್ ಎನ್ನುವ ಹೆಸರು ಅಲ್ಲಿ ಇವತ್ತಿಗೂ ಇದೆ. ದಿಬ್ಬದ ಮೇಲೆ ಶೋಧಿಸಿದರೆ ಮುಂದಿನ ದಾರಿಯೆಲ್ಲ ಇಳಿಜಾರು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು, ಅರ್ಕಾವತಿ ಕುಮುದ್ವತಿ ಸೇರುವ ಕಡೆ. ನಮ್ಮ ಪಶ್ಚಿಮದ ಬಡಾವಣೆಗಳು ಬಹಳ ಕಾಲ ಆ ನೀರನ್ನೇ ನೆಚ್ಚಿಕೊಂಡಿದ್ದವು. 1974ರಲ್ಲಿ ಕಾವೇರಿ ಬಂತು, ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ಒಟ್ಟು ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿಸಬೇಕು. ಅಪ್ಪನ ಲೆಕ್ಕದಲ್ಲಿ ಐವತ್ತು ಕೆ.ಜಿ. ಈ ಐವತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರು ಬಿಟ್ಟ ಮೊದಲ ಹತ್ತು ನಿಮಿಷ ಕೆಂಪಗೆ ಬರುತ್ತಿತ್ತು. ಅಮ್ಮ ಅದನ್ನು ಗಿಡಕ್ಕೆ ಬಿಟ್ಟು, ಆಮೇಲೆ ಕೊಳಾಯಿಯ ಬಾಯಿಗೆ ಹಳೆಯ ಪಂಚೆಯ ಚೂರು ಕಟ್ಟುತ್ತಿದ್ದಳು. ಎಲ್ಲರೂ ಕಟ್ಟುತ್ತಿದ್ದರು. ಎದುರುಮನೆಯವರು ಮಾತ್ರ ಲೈನಿಗೇ ನೇರವಾಗಿ ಮೋಟಾರು ಕೂರಿಸಿದ್ದರು. ರಾತ್ರಿ ಅದು ಗುಂಯ್ ಎಂದರೆ ಉಳಿದವರ ನಲ್ಲಿಯಲ್ಲಿ ಬರೀ ಗಾಳಿ. ಅಪ್ಪ ಅವರ ಜೊತೆ ಜಗಳಕ್ಕೆ ನಿಂತದ್ದು ನಮ್ಮ ಪಾಲು ಕಡಿಮೆಯಾಯಿತು ಎಂದಲ್ಲ. “ಎಳೆದಾಗ ಪೈಪಿನೊಳಗೆ ಪ್ರೆಷರ್ ಮೈನಸ್ ಆಗುತ್ತೆ ಸ್ವಾಮಿ. ಎಲ್ಲೆಲ್ಲಿ ತೂತು ಇದೆಯೋ ಅಲ್ಲೆಲ್ಲ ಚರಂಡಿ ನೀರು ಒಳಗೆ ಬರುತ್ತೆ. ನೀವೂ ಅದನ್ನೇ ಕುಡೀತೀರ” ಎಂದು ವಾದಿಸಿದ್ದರು. ಅವರು ಹೇಳಿದ್ದು ಎಂಜಿನಿಯರುಗಳು ಒಪ್ಪುವ ಮಾತು. ಪೈಪು ಸದಾ ಒತ್ತಡದಲ್ಲಿ ತುಂಬಿದ್ದರೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಅಷ್ಟೇ ನಷ್ಟ. ಖಾಲಿಯಾದರೆ ಹೊರಗಿನದು ಒಳಗೆ ಬರುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಪೈಪು ಖಾಲಿಯಾಗುವುದು ಮಾಮೂಲು. ಶುದ್ಧೀಕರಣ ಘಟಕದಿಂದ ಹೊರಡುವಾಗ ಚೆನ್ನಾಗಿಯೇ ಶುದ್ಧವಾಗಿರುವ ನೀರಿಗೆ ಮನೆಯಲ್ಲಿ ಮತ್ತೆ ಫಿಲ್ಟರ್ ಯಾಕೆ ಎನ್ನುವ ಪ್ರಶ್ನೆಗೆ ನನಗೆ ಸಿಕ್ಕ ನಂಬಿಕೆಯ ಉತ್ತರ ಇದೊಂದೇ: ದಾರಿಯಲ್ಲಿ ಒತ್ತಡ ಇರಲಿಲ್ಲ.

ನಮ್ಮ ಮೊದಲ ಫಿಲ್ಟರು ಸ್ಟೀಲಿನದು, ಎರಡು ಅಂತಸ್ತು, ಮೇಲಿನದರಲ್ಲಿ ಬಿಳಿ ಕ್ಯಾಂಡಲ್ ಎರಡು. ಮೇಲಿನ ಪಾತ್ರೆ ಪೂರ್ತಿ ತುಂಬಿದರೂ ಕ್ಯಾಂಡಲ್ ಮೇಲೆ ಬೀಳುವುದು ಒಂದಡಿ ನೀರಿನ ಭಾರ, ಅದೇ ಮೂವತ್ತು ಗ್ರಾಂ. ರಾತ್ರಿಯಿಡೀ ತೊಟ್ಟಿಕ್ಕಿ ಬೆಳಗ್ಗೆ ಕೆಳಗಿನ ಪಾತ್ರೆ ತುಂಬುತ್ತಿತ್ತು. ಅದಕ್ಕೆ ಕರೆಂಟು, ಗೇಜು, ಸರ್ವೀಸ್ ಹುಡುಗ ಯಾರೂ ಬೇಕಿರಲಿಲ್ಲ. ವಾರಕ್ಕೊಮ್ಮೆ ಕ್ಯಾಂಡಲ್ ಉಜ್ಜುವುದು ನನ್ನ ತಂಗಿಯ ಕೆಲಸವಾಗಿತ್ತು. ಅವಳು ಅದನ್ನು ಸವೆಸಿಯೇ ಬಿಟ್ಟಳು.

ತೊಂಬತ್ತರ ದಶಕದ ನಡುವೆ ವಿಜಯನಗರದಲ್ಲಿ ಸ್ವಂತ ಮನೆಯಾಯಿತು. ಮಾರುತಿ ಮಂದಿರದಿಂದ ನಡೆದು ಹೋಗುವಷ್ಟು ದೂರ. ಕೆಳಗೊಂದು ಮನೆ ಬಾಡಿಗೆಗೆ, ಮಹಡಿಯಲ್ಲಿ ನಾವು, ತಾರಸಿಯ ಮೇಲೆ ಕಪ್ಪು ಟ್ಯಾಂಕು, ನೆಲದಡಿ ಸಂಪು. ಪಶ್ಚಿಮ ಬೆಂಗಳೂರಿನಲ್ಲಿ ಮನೆ ಕಟ್ಟುವುದೆಂದರೆ ಮೊದಲು ಸಂಪು ತೋಡುವುದು. ಪಾಯಕ್ಕಿಂತ ಮುಂಚೆ ಅದು ಆಗಿರುತ್ತದೆ, ಕಟ್ಟಡಕ್ಕೆ ನೀರು ಬೇಕಲ್ಲ. ಸಂಪಿದ್ದರೆ ಗುಂಡಿ ಬೇಡ, ರಾತ್ರಿ ಎದ್ದು ಕಾಯುವುದು ಬೇಡ. ನೀರು ತಾನೇ ಬಂದು ಬೀಳುತ್ತದೆ, ಬೆಳಗ್ಗೆ ಮೋಟಾರು ಹಾಕಿ ಮೇಲೇರಿಸಿದರಾಯಿತು. ನನ್ನ ವಯಸ್ಸಿನ ಹೆಂಗಸರನ್ನು ಕೇಳಿ ನೋಡಿ. ಗ್ಯಾಸ್ ಸಿಲಿಂಡರ್ ಬಂದದ್ದಕ್ಕಿಂತ ಸಂಪು ಬಂದ ವರ್ಷವನ್ನು ಹೆಚ್ಚು ಖುಷಿಯಿಂದ ನೆನೆಯುತ್ತಾರೆ.

ಎರಡು ಸಾವಿರದ ನಂತರ ಮಳೆ ಕೈಕೊಟ್ಟ ವರ್ಷಗಳಲ್ಲಿ ಕಾವೇರಿ ನೀರಿಗೆ ಬೋರ್ ನೀರು ಬೆರೆಸುವುದು ಶುರುವಾಯಿತು. ಟೀ ಮೇಲೆ ತೆಳುವಾದ ಕೆನೆ, ಪಾತ್ರೆಯ ತಳದಲ್ಲಿ ಬಿಳಿ ಪೊರೆ. ಅದರ ಹಿಂದೆಯೇ ಬಂದವರು ಫಿಲ್ಟರ್ ಮಾರುವವರು. ಎರಡು ಲೋಟದಲ್ಲಿ ನೀರಿಟ್ಟು, ಎರಡಕ್ಕೂ ಕಡ್ಡಿಗಳನ್ನು ಅದ್ದಿ ಕರೆಂಟು ಕೊಟ್ಟು, ನಮ್ಮ ಮನೆಯ ನೀರು ಕಂದು ಬಣ್ಣದ ರಾಡಿಯಾಗುವುದನ್ನೂ ಅವರ ಯಂತ್ರದ ನೀರು ತಿಳಿಯಾಗಿಯೇ ಇರುವುದನ್ನೂ ತೋರಿಸುತ್ತಿದ್ದರು. ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಅಪ್ಪ ನಕ್ಕರು. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು; ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿದು ಕಬ್ಬಿಣವೇ ಕರಗುತ್ತದೆ, ಕಾಣುವ ರಾಡಿ ಅದರ ತುಕ್ಕು. ಲವಣ ತೆಗೆದ ನೀರಿನಲ್ಲಿ ಕರೆಂಟು ಹರಿಯುವುದೇ ಇಲ್ಲ. ಈ ಆಟ ಬೆಂಗಳೂರಿನ ಎಷ್ಟು ಅಡುಗೆಮನೆಗಳಲ್ಲಿ ನಡೆಯಿತೋ! ಅಪ್ಪ ಮಾತ್ರ ಆ ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದರು: “ಇದಕ್ಕೆ ಎಷ್ಟು ಕೆ.ಜಿ. ಬೇಕಪ್ಪ?” ಅವನು ಯಂತ್ರದ ತೂಕ ಹೇಳಿದ.

ಆದರೂ ಕೊಂಡೆವು; ಕೆಳಗಿನ ಮನೆಯವರು ಆಗಲೇ ಕೊಂಡಿದ್ದರಲ್ಲ. ಅವರ ಆರ್.ಓ. (ರಿವರ್ಸ್ ಆಸ್ಮಾಸಿಸ್) ಯಂತ್ರ ಚೆನ್ನಾಗಿ ಓಡುತ್ತಿತ್ತು. ಅದೇ ಮಾದರಿಯ ನಮ್ಮದು ಓಡಿದರೆ ಓಡಿತು, ಇಲ್ಲದಿದ್ದರೆ ಕೆಂಪು ದೀಪ ಉರಿಸಿಕೊಂಡು ನಿಂತಿತು. ಸರ್ವೀಸಿನವನು ಬಂದು ಪಂಪು ಬದಲಿಸಿದ. ಮತ್ತೆ ಬಂದು ಕಾರ್ಟ್ರಿಡ್ಜ್ ಬದಲಿಸಿದ. ಅಪ್ಪನಿಗೆ ಆಗ ನಿವೃತ್ತಿಯಾಗಿತ್ತು, ಅವರಿಗೊಂದು ಕೆಲಸ ಸಿಕ್ಕಿತು.

ಕಾರ್ಖಾನೆಯಿಂದ ಬರುವಾಗ ತಂದಿದ್ದ ಹಿತ್ತಾಳೆಯ ಗೇಜು ಅವರ ಬಳಿ ಇತ್ತು. ಅದರೊಳಗೆ ಬಾಗಿಸಿದ ಚಪ್ಪಟೆ ಕೊಳವೆಯೊಂದಿರುತ್ತದೆ, ಪ್ಯಾರಿಸ್ಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಕಂಡುಹಿಡಿದದ್ದು. ಜಾತ್ರೆಯಲ್ಲಿ ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ ಸಿಗುತ್ತದಲ್ಲ, ಅದೇ ತತ್ವ: ಒಳಗೆ ಒತ್ತಡ ಹೆಚ್ಚಿದಷ್ಟೂ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿಗೆ ಮುಳ್ಳು. ಆದರೆ ಅಪ್ಪನ ಗೇಜು ಹತ್ತು ಕೆ.ಜಿ.ಯದು, ನಮ್ಮ ಮಹಡಿಯ ನಲ್ಲಿಗೆ ಹಾಕಿದರೆ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಂತಾಯಿತು. ತಾರಸಿಯ ಟ್ಯಾಂಕಿನ ನೀರು ನಮ್ಮ ಅಡುಗೆಮನೆಯ ನಲ್ಲಿಗಿಂತ ಹತ್ತಡಿ ಮೇಲೆ. ಅಂದರೆ ಮುನ್ನೂರು ಗ್ರಾಂ. ಯಂತ್ರದ ಪುಸ್ತಕದ ಕೊನೆಯ ಪುಟದಲ್ಲಿ, ಯಾರೂ ಓದದ ಕೋಷ್ಟಕದಲ್ಲಿ, ಒಳಬರುವ ನೀರಿಗೆ ಕನಿಷ್ಠ 0.3 ಕೆ.ಜಿ. ಎಂದು ಬರೆದಿತ್ತು. ಕೆಳಗಿನ ಮನೆಗೆ ಇಪ್ಪತ್ತಡಿ, ಆರುನೂರು ಗ್ರಾಂ. ಅದಕ್ಕೇ ಅಲ್ಲಿ ಓಡುತ್ತಿತ್ತು. ನಮ್ಮಲ್ಲಿ ಗಡಿಯ ಮೇಲೆ ನಿಂತಿತ್ತು. ಆದರೆ ಗಡಿಯ ಮೇಲಿದ್ದರೂ ಓಡಬೇಕಲ್ಲ, ಕೆಲವೊಮ್ಮೆ ಓಡಿ ಕೆಲವೊಮ್ಮೆ ನಿಲ್ಲುವುದು ಯಾಕೆ?

ಅಪ್ಪ ಗೇಜನ್ನು ಪಕ್ಕಕ್ಕಿಟ್ಟು, ಬೀದಿಯ ಕೊನೆಯಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯಿಂದ ಲೆವೆಲ್ ಪೈಪು ಕೇಳಿ ತಂದರು. ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು. ಸಿಂಕಿನ ಕೆಳಗೆ ಒಂದು ಟೀ ಜಾಯಿಂಟ್ ಹಾಕಿ ಅದಕ್ಕೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟು ತಾರಸಿಗೆ ಹತ್ತಿಸಿದರು. ಪೈಪಿನೊಳಗೆ ನೀರು ಏರಿ ಏರಿ ಸರಿಯಾಗಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಬಂದು ನಿಂತಿತು. ಕೆಳಗಿಂದ ಅಪ್ಪ, “ನಿಂತ್ಕೊಂಡ್ತಾ?” ಎಂದು ಕೂಗಿದರು. “ನಿಂತ್ಕೊಂಡ್ತು.” ಆಮೇಲೆ ಅಮ್ಮನಿಗೆ ಬಚ್ಚಲಿನ ನಲ್ಲಿ ತಿರುಗಿಸಲು ಹೇಳಿದರು. ನನ್ನ ಕಣ್ಣೆದುರೇ ನೀರು ಸರ್ರನೆ ಕೆಳಗಿಳಿಯಿತು. ತಾರಸಿಯ ಅಂಚಿನಿಂದ ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ಕೆಳಗೆ, ನಮ್ಮ ಕಿಟಕಿಯ ಸಜ್ಜದ ಹತ್ತಿರಕ್ಕೆ ಹೋಗಿ ನಡುಗುತ್ತಾ ನಿಂತಿತು. ನಲ್ಲಿ ಮುಚ್ಚಿದರೆ ಮತ್ತೆ ಮೇಲೆ. ತೆರೆದರೆ ಕೆಳಗೆ. ಅಮ್ಮ ಬೇಸರವಿಲ್ಲದೆ ತಿರುಗಿಸುತ್ತಲೇ ಇದ್ದಳು, ಅವಳಿಗೂ ನೋಡುವ ಆಸೆ. ಕೊನೆಗೆ ನನ್ನನ್ನು ಬಚ್ಚಲಿಗೆ ಕಳಿಸಿ ತಾನೇ ತಾರಸಿಗೆ ಬಂದಳು.

ನೀರು ನಿಂತಾಗ ತೋರುವ ಒತ್ತಡ ಬೇರೆ, ಹರಿಯುವಾಗ ಉಳಿಯುವುದು ಬೇರೆ. ಹತ್ತು ವರ್ಷದ ಜಿ.ಐ. ಪೈಪು ಒಳಗೆ ತುಕ್ಕು ಹಿಡಿದು, ಅರ್ಧ ಇಂಚಿನದು ಪೆನ್ಸಿಲ್ ತೂರುವಷ್ಟಾಗಿತ್ತು. ಅದರಲ್ಲೇ ಬಚ್ಚಲು, ಅದರಲ್ಲೇ ಅಡುಗೆಮನೆ. ಯಾರಾದರೂ ಬಕೆಟ್ ತುಂಬಿಸುತ್ತಿದ್ದರೆ ಸಿಂಕಿನ ಕೆಳಗೆ ನೂರು ಗ್ರಾಮೂ ಇರುತ್ತಿರಲಿಲ್ಲ. ಯಂತ್ರದೊಳಗಿನ ಲೋ ಪ್ರೆಷರ್ ಸ್ವಿಚ್ಚು ತನ್ನ ಕೆಲಸ ಮಾಡಿ ಪಂಪನ್ನು ನಿಲ್ಲಿಸುತ್ತಿತ್ತು. ಪಂಪು ಕೆಟ್ಟಿರಲಿಲ್ಲ, ಸ್ವಿಚ್ಚೂ ಕೆಟ್ಟಿರಲಿಲ್ಲ. ಅಪ್ಪ ಟ್ಯಾಂಕಿನಿಂದ ಅಡುಗೆಮನೆಗೆಂದೇ ಮುಕ್ಕಾಲು ಇಂಚಿನ ಬೇರೆ ಸಿ.ಪಿ.ವಿ.ಸಿ. ಲೈನು ಎಳೆಸಿದರು, ಟ್ಯಾಂಕಿನ ಕಟ್ಟೆಯನ್ನು ಎರಡೂವರೆ ಅಡಿ ಎತ್ತರಿಸಿದರು. ಅಂದಿನಿಂದ ಕೆಂಪು ದೀಪ ಉರಿಯಲಿಲ್ಲ. ಈಗ ಯಾರಾದರೂ ಆರ್.ಓ. ನಿಧಾನ ಎಂದರೆ ನಾನು ಮೊದಲು ಕೇಳುವುದು ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಅಲ್ಲ, ಇನ್ನೊಂದು ನಲ್ಲಿ ತೆರೆದಾಗ ಏನಾಗುತ್ತದೆ ಅಂತ.

ಆ ಯಂತ್ರದೊಳಗೆ ಏನು ನಡೆಯುತ್ತದೆ ಎನ್ನುವುದನ್ನೂ ಅಪ್ಪ ಬಿಚ್ಚಿ ತೋರಿಸಿದರು. ಹೊರಗಿನಿಂದ ಬರುವ ಮುನ್ನೂರು ಗ್ರಾಮನ್ನು ಸಣ್ಣ ಬೂಸ್ಟರ್ ಪಂಪು ಐದು ಕೆ.ಜಿ.ಗೆ ಏರಿಸಿ, ಲವಣ ತಡೆಯುವ ಪೊರೆಯ (ಮೆಂಬ್ರೇನ್) ಮೇಲೆ ನೂಕುತ್ತದೆ. ಪೊರೆ ದಾಟದೆ ಉಳಿದ ಕೊಳಕು ನೀರು ಹೊರಹೋಗುವ ದಾರಿಯಲ್ಲಿ, ಫ್ಲೋ ರಿಸ್ಟ್ರಿಕ್ಟರ್ ಎನ್ನುವ ಬೆರಳುದ್ದದ ತುಣುಕು ನೀರನ್ನು ಸಲೀಸಾಗಿ ಓಡಲು ಬಿಡದೆ ಆ ಒತ್ತಡವನ್ನು ಹಿಡಿದಿಡುತ್ತದೆ. ಪಂಪಿನಷ್ಟೇ ಮುಖ್ಯ ಅದು, ಬೆಲೆ ಮಾತ್ರ ಪುಡಿಕಾಸು. ನೀರಿನಲ್ಲಿ ಕರಗಿದ ಪ್ರತಿ ನೂರು ಪಿ.ಪಿ.ಎಂ. ಲವಣ ಸುಮಾರು ಎಪ್ಪತ್ತು ಗ್ರಾಂ ಒತ್ತಡವನ್ನು ಎದುರು ಒಡ್ಡುತ್ತದೆ, ಸಾವಿರ ಪಿ.ಪಿ.ಎಂ.ನ ಬೋರ್ ನೀರಿಗೆ ಮುಕ್ಕಾಲು ಕೆ.ಜಿ. ಹತ್ತಿರ. ಅದನ್ನು ಗೆದ್ದ ಮೇಲೆ ಉಳಿಯುವ ಬಲವೇ ನೀರನ್ನು ಪೊರೆಯಾಚೆ ನೂಕುವುದು. ಒತ್ತಡ ಕುಸಿದರೆ ಕುಡಿಯುವ ನೀರು ಕಡಿಮೆಯಾಗುತ್ತದೆ, ಚರಂಡಿಗೆ ಹೋಗುವುದು ಅಷ್ಟು ಕಡಿಮೆಯಾಗುವುದಿಲ್ಲ; ಒಂದಕ್ಕೆ ಮೂರು ಇದ್ದದ್ದು ಒಂದಕ್ಕೆ ಐದಾಗುತ್ತದೆ. ಈ ತಂತ್ರಕ್ಕೆ ದಾರಿ ಮಾಡಿದವರಲ್ಲಿ ಒಬ್ಬರು ಭಾರತದವರೇ ಆದ ಶ್ರೀನಿವಾಸ ಸೌರಿರಾಜನ್. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಜೊತೆ ಸೇರಿ 1960ರ ಆಸುಪಾಸಿನಲ್ಲಿ ಬಳಕೆಗೆ ಬರುವಂಥ ಪೊರೆ ಮಾಡಿದವರು. 1965ರಲ್ಲಿ ಕೊಲಿಂಗ ಎನ್ನುವ ಸಣ್ಣ ಊರಿಗೆ, ಅಲ್ಲಿನ ಉಪ್ಪು ಅಂತರ್ಜಲವನ್ನು ಆ ಬಗೆಯ ಪೊರೆಯಿಂದ ಶುದ್ಧಮಾಡಿ ಕೊಡಲಾಯಿತು. ಉಪ್ಪುನೀರಿನ ಊರಿಗೆ ಮಾಡಿದ ಯಂತ್ರ ಅದು. ಕಾವೇರಿ ನೀರೊಂದೇ ಬರುವ ಮನೆಗೆ ಅದು ಬೇಕೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವ ಕಡೆ ಆರ್.ಓ. ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಕೇಳಿದವರು ಯಾರು?

ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಸಿಂಕಿನ ಕೆಳಗೂ ಆರ್.ಓ. ಇದೆ, ಆದರೆ ಅದಕ್ಕೆ ಪ್ಲಗ್ಗೇ ಇಲ್ಲ. ಅಪ್ಪ ವಿಡಿಯೋ ಕರೆಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೀದಿಯ ಪೈಪಿನಿಂದಲೇ ನಾಲ್ಕು ಕೆ.ಜಿ. ಬರುತ್ತದೆ, ಇಪ್ಪತ್ತನಾಲ್ಕು ಗಂಟೆ, ಆ ಒತ್ತಡವೇ ಪೊರೆಗೆ ಸಾಕು. “ನಮಗೂ ಬರುತ್ತೆ ಕಣಮ್ಮ, ಸಂಪಿನ ತನಕ” ಅಂದರು ಅಪ್ಪ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಬೀದಿಗೂ ನೀರು ಒತ್ತಡದಲ್ಲೇ ಬರುತ್ತದೆ. ಒಂದಂತಸ್ತಿನ ಮನೆಗಳಿರುವ ಕಡೆ ಪೈಪಿನಲ್ಲಿ 7 ಮೀಟರ್, ಎರಡಂತಸ್ತಿಗೆ 12, ಮೂರಂತಸ್ತಿಗೆ 17 ಮೀಟರ್ ಒತ್ತಡ ಉಳಿದಿರಬೇಕು ಎಂದು ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ ಹೇಳಿತ್ತು. ಬಂದದ್ದು ಎಷ್ಟೇ ಇರಲಿ, ಸಂಪಿನ ಬಾಯಲ್ಲಿ ಬಿದ್ದ ಕ್ಷಣ ಅದು ಸೊನ್ನೆ. ತೊರೆಕಾಡನಹಳ್ಳಿಯಿಂದ ಐವತ್ತು ಕೆ.ಜಿ. ಖರ್ಚು ಮಾಡಿ ಹೊತ್ತು ತಂದದ್ದನ್ನು ನೆಲದಡಿಯ ತೊಟ್ಟಿಗೆ ಸುರಿದು, ಮತ್ತೆ ನಮ್ಮ ಮೋಟಾರಿನಿಂದ ಒಂದು ಕೆ.ಜಿ. ಏರಿಸಿ ಟ್ಯಾಂಕಿಗೆ ತುಂಬಿ, ಅಲ್ಲೂ ಸೊನ್ನೆ ಮಾಡಿ, ಹತ್ತಡಿ ಇಳಿಸಿ, ಮತ್ತೆ ಆರ್.ಓ. ಪಂಪಿನಿಂದ ಐದು ಕೆ.ಜಿ. ಏರಿಸುತ್ತೇವೆ. ನೀರು ಎಂದು ಬರುತ್ತದೆ ಎಂಬ ನಂಬಿಕೆ ಇಲ್ಲದ್ದಕ್ಕೆ ಸಂಪು. ಸಂಪು ಇರುವುದಕ್ಕೆ ಉಳಿದದ್ದೆಲ್ಲ.

ಅಪ್ಪ ಹೋದ ಮೇಲೆ ನಾವು ಕೆಂಗೇರಿ ಕಡೆಯ ಅಪಾರ್ಟ್‌ಮೆಂಟಿಗೆ ಬಂದೆವು. 2021ರಲ್ಲಿ ಮೆಟ್ರೊ ಅಲ್ಲಿಗೆ ಮುಟ್ಟಿದ ಮೇಲೆ ವಿಜಯನಗರ ದೂರವೆನಿಸಲಿಲ್ಲ. ಹದಿನಾಲ್ಕು ಮಹಡಿಯ ಕಟ್ಟಡ, ನಾಲ್ಕನೆಯದರಲ್ಲಿ ನಾವು. ಇಲ್ಲಿ ಕಷ್ಟ ತಿರುವುಮುರುವು. ತಾರಸಿಯ ಟ್ಯಾಂಕು ನಮ್ಮ ಅಡುಗೆಮನೆಗಿಂತ 34 ಮೀಟರ್ ಮೇಲೆ, ಅಂದರೆ 3.4 ಕೆ.ಜಿ. ಮನೆ ಫಿಲ್ಟರುಗಳಿಗೆ ಮೂರು ದಾಟಬಾರದು. ಅದಕ್ಕೆಂದೇ ಕೆಳಗಿನ ಮಹಡಿಗಳ ಡಕ್ಟಿನಲ್ಲಿ ಪ್ರತಿ ಮನೆಯ ಲೈನಿಗೂ ಪ್ರೆಷರ್ ರೆಡ್ಯೂಸಿಂಗ್ ವಾಲ್ವು, ಎಲ್ಲರ ಬಾಯಲ್ಲಿ ಪಿ.ಆರ್.ವಿ. ಸ್ಪ್ರಿಂಗು ಒಂದು ಕಡೆಯಿಂದ, ನೀರು ಇನ್ನೊಂದು ಕಡೆಯಿಂದ ಒಂದು ರಬ್ಬರ್ ಪೊರೆಯನ್ನು ಒತ್ತುತ್ತವೆ. ಮನೆಯ ಕಡೆ ಒತ್ತಡ ಹೆಚ್ಚಾದರೆ ಬಾಯಿ ಮುಚ್ಚಿಕೊಳ್ಳುತ್ತದೆ.

ಒಂದು ಬೆಳಗ್ಗೆ ಎದ್ದರೆ ಅಡುಗೆಮನೆಯಿಂದ ಹಾಲ್‌ವರೆಗೂ ನೀರು. ಆರ್.ಓ.ದ ಪ್ರೀ ಫಿಲ್ಟರ್ ಬೌಲು ತಿರುಪಿನ ಮರೆಯ ಹತ್ತಿರ ಬಿರಿದಿತ್ತು. ಯಂತ್ರ ಆಫ್ ಆಗಿದ್ದರೂ ಬೌಲು ಲೈನಿನ ಒತ್ತಡದಲ್ಲೇ ಇರುತ್ತದೆ, ಸೊಲೆನಾಯ್ಡ್ ವಾಲ್ವು ಇರುವುದು ಅದರ ನಂತರ. ಸರ್ವೀಸಿನವನು ಹೊಸ ಬೌಲು ಹಾಕಿ ಹೋದ. ಕೆಲವು ವಾರದಲ್ಲಿ ಅದೂ ಬಿರಿಯಿತು, ಅದೂ ರಾತ್ರಿಯೇ. ಹಗಲಿನಲ್ಲಿ ಗೇಜು ಹಾಕಿದರೆ 1.8. ಎಲ್ಲ ಸರಿಯಾಗಿದೆ.

ಎಸ್.ಪಿ. ರೋಡಿಗೆ ಹೋಗಿ ಕೆಂಪು ಮುಳ್ಳಿನ ಗೇಜು ತಂದೆ. ಅದರಲ್ಲಿ ಎರಡು ಮುಳ್ಳು: ಕಪ್ಪಗಿನದು ಈಗಿನ ಒತ್ತಡ ತೋರುತ್ತದೆ, ಕೆಂಪಗಿನದು ಕಪ್ಪು ಮುಳ್ಳು ಏರಿದಷ್ಟು ಏರಿ, ಅದು ಇಳಿದರೂ ಅಲ್ಲೇ ನಿಲ್ಲುತ್ತದೆ. ಹಾಕಿ ಮಲಗಿದೆ. ಬೆಳಗ್ಗೆ ಕಪ್ಪು 1.8ರಲ್ಲಿತ್ತು, ಕೆಂಪು 3.4ರಲ್ಲಿ.

ನಮ್ಮ ಅಪಾರ್ಟ್‌ಮೆಂಟಿನ ಪ್ಲಂಬರ್ ಒಡಿಶಾದ ಕೇಂದ್ರಾಪಾರಾ ಜಿಲ್ಲೆಯ ಹುಡುಗ. ದೇಶದ ದೊಡ್ಡ ಊರುಗಳಲ್ಲೆಲ್ಲ ಆ ಜಿಲ್ಲೆಯ ಪ್ಲಂಬರುಗಳು ಸಿಗುತ್ತಾರೆ. ಕನ್ನಡ ನನಗಿಂತ ಜೋರಾಗಿ ಮಾತಾಡುತ್ತಾನೆ. ಎರಡು ಮುಳ್ಳು ನೋಡಿದವನೇ, “ಸೀಟು ಹೋಗಿದೆ ಸಾರ್” ಅಂದ. ನೀರು ಹರಿಯುವಾಗ ಪಿ.ಆರ್.ವಿ. ಸರಿಯಾಗಿಯೇ ತಗ್ಗಿಸುತ್ತದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದಾಗ ಅದು ಪೂರ್ತಿ ಬಾಯಿ ಮುಚ್ಚಬೇಕು. ಸೀಟಿನಲ್ಲಿ ಒಂದು ಕಾಳು ಮರಳು ಸಿಕ್ಕಿದ್ದರೂ ಸಾಕು, ಹನಿ ಹನಿಯಾಗಿ ಒತ್ತಡ ಒಳಗೆ ಜಾರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಮನೆಯ ಪೈಪಿನಲ್ಲಿ ಟ್ಯಾಂಕಿನ ಪೂರ್ತಿ ಭಾರ. ಬಿಚ್ಚಿದರೆ ಒಳಗೆ ಮರಳಿನ ಜೊತೆ ಟೆಫ್ಲಾನ್ ಟೇಪಿನ ಎಳೆಯೂ ಇತ್ತು, ರಬ್ಬರ್ ಡಿಸ್ಕಿನ ಮೇಲೆ ಗೀರು. ಜಾಲರಿ ತೊಳೆದು, ಡಿಸ್ಕು ಬದಲಿಸಿದ. ಆಮೇಲೆ ಸಿಂಕಿನ ನಲ್ಲಿಯನ್ನು ಸ್ವಲ್ಪ ತೆರೆದಿಡಲು ಹೇಳಿ, ಲಾಕ್ ನಟ್ಟು ಸಡಿಲಿಸಿ, ಸ್ಕ್ರೂವನ್ನು ಪೂರ್ತಿ ಹೊರಗೆ ತಿರುಗಿಸಿ ಒತ್ತಡ ಇಳಿಸಿ, ಅಲ್ಲಿಂದ ಕಾಲು ಕಾಲು ಸುತ್ತು ಒಳಗೆ ಹಾಕುತ್ತಾ ಬಂದ. ಮೇಲಿನಿಂದ ಇಳಿಸಿ ನಿಲ್ಲಿಸಬಾರದು, ಕೆಳಗಿನಿಂದ ಏರಿಸಿಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಸ್ಪ್ರಿಂಗು ಆಮೇಲೆ ಜಾಗ ಬದಲಿಸುತ್ತದೆ. ನಾನು ಅಡುಗೆಮನೆಯಿಂದ ಕೂಗುವುದು, ಅವನು ಡಕ್ಟಿನಿಂದ ಕೇಳುವುದು. “ಒಂದೂವರೆ!” “ಸಾಕಾ ಸಾರ್?” “ಇನ್ನೊಂಚೂರು!” ಎರಡಕ್ಕೆ ನಿಲ್ಲಿಸಿ ನಲ್ಲಿ ಮುಚ್ಚಿದೆವು. ಮುಳ್ಳು 2.1ಕ್ಕೆ ಏರಿ ಅಲ್ಲೇ ನಿಂತಿತು. ಮರುದಿನ ಬೆಳಗ್ಗೆ ಕೆಂಪು ಮುಳ್ಳೂ 2.1ರಲ್ಲೇ ಇತ್ತು.

ಇಷ್ಟಾದದ್ದು 2024ರ ಫೆಬ್ರವರಿಯಲ್ಲಿ. ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಬೋರ್‌ಗಳು ಬತ್ತಿದವು, ಟ್ಯಾಂಕರ್ ದರ ಏರಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಲ್ಲಿಗಳಿಗೆ ಏರೇಟರ್ ಹಾಕಿಸಬೇಕು ಎಂದಿತು. ನಮ್ಮ ಅಸೋಸಿಯೇಷನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಿ.ಆರ್.ವಿ.ಗಳನ್ನೆಲ್ಲ ಒಂದು ಕೆ.ಜಿ.ಗೆ ಇಳಿಸೋಣ, ಒತ್ತಡ ಕಡಿಮೆಯಾದರೆ ಬಳಕೆಯೂ ಕಡಿಮೆಯಾಗುತ್ತದೆ ಎಂದು ತೀರ್ಮಾನಿಸಿತು. ಲೆಕ್ಕ ಸರಿಯೇ. ಒಂದು ಕೆ.ಜಿ. ಆರ್.ಓ.ಗೂ ಧಾರಾಳ ಸಾಕು. ಗೇಜು ನನ್ನದು ಎನ್ನುವ ಕಾರಣಕ್ಕೆ ಪ್ಲಂಬರ್ ಜೊತೆ ಮಹಡಿ ಮಹಡಿ ಸುತ್ತುವ ಕೆಲಸ ನನ್ನ ಮೇಲೆ ಬಿತ್ತು.

ಸುತ್ತಿದಾಗ ಕಂಡದ್ದು ಇಷ್ಟು. ಕೆಳಗಿನ ಮಹಡಿಗಳಲ್ಲಿ ಅರ್ಧದಷ್ಟು ಪಿ.ಆರ್.ವಿ.ಗಳು ರಾತ್ರಿ ಜಾರುತ್ತಿದ್ದವು, ಯಾರಿಗೂ ಗೊತ್ತಿರಲಿಲ್ಲ. ನಡುವಿನ ಮಹಡಿಗಳಲ್ಲಿ ತೊಂದರೆಯೇ ಇಲ್ಲ. ಹದಿನಾಲ್ಕನೆಯದರಲ್ಲಿ ಟ್ಯಾಂಕು ತಲೆಯ ಮೇಲೇ ಇದೆ, ಹತ್ತು ಹನ್ನೆರಡು ಅಡಿ. ಮುನ್ನೂರು ಗ್ರಾಂ ಚಿಲ್ಲರೆ. ವಿಜಯನಗರದ ಮಹಡಿ ಮನೆಯ ಕಾಯಿಲೆಯೇ ಇಲ್ಲೂ, ಅದೂ ನೂರಾ ಐವತ್ತು ಅಡಿ ಎತ್ತರದಲ್ಲಿ. ಅಲ್ಲಿನ ಮನೆಯೊಂದರಲ್ಲಿ ಆರ್.ಓ. ಕೆಂಪು ದೀಪ ಉರಿಸಿಕೊಂಡು ನಿಂತಿತ್ತು. ಸಂಪಿನಿಂದ ತಾರಸಿಗೆ ನೀರೇರಿಸಲು ನಮ್ಮ ಮೋಟಾರುಗಳು ಹಾಕುವ ಒತ್ತಡ ಐದು ಕೆ.ಜಿ.; ಒಂದು ಆರ್.ಓ. ಪೊರೆಗೆ ಬೇಕಾದಷ್ಟೇ. ಅದನ್ನು ತಾರಸಿಯಲ್ಲಿ ಸುರಿದು, ಕೆಳಗಿನವರಿಗೆ ಸ್ಪ್ರಿಂಗಿನಿಂದ ಕೊಂದು, ಮೇಲಿನವರಿಗೆ ಸಾಲದೆ, ಕೊನೆಗೆ ಪ್ರತಿ ಸಿಂಕಿನ ಕೆಳಗೂ ಒಂದೊಂದು ಪಂಪಿಟ್ಟು ಮತ್ತೆ ಅದೇ ಐದನ್ನು ಹುಟ್ಟಿಸುತ್ತೇವೆ. ಆಮೇಲೆ ಆ ಯಂತ್ರಗಳು ಹೊರಬಿಡುವ ನೀರು ವೃಷಭಾವತಿಗೆ ಇಳಿದು, ಬೈರಮಂಗಲದ ಮೇಲೆ ಹಾದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಯನ್ನೇ ಸೇರುತ್ತದೆ. ಕೆಂಗೇರಿಯವರಿಗೆ ವೃಷಭಾವತಿಯ ವಾಸನೆ ಗೊತ್ತು, ಅದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವವರು ಕಡಿಮೆ. ನಮ್ಮ ಆರ್.ಓ.ದ ನೀರನ್ನು ನನ್ನ ಹೆಂಡತಿ ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುತ್ತಾಳೆ. ಹಾಗೆ ಮಾಡಿ ಎಂದು ನೋಟೀಸ್ ಬೋರ್ಡಿಗೂ ಹಾಕಿಸಿದಳು.

ಇದನ್ನೆಲ್ಲ ನಾನು ಮೀಟಿಂಗಿನಲ್ಲಿ ಹೇಳಿದೆ. ಹದಿನಾಲ್ಕನೆಯ ಮಹಡಿಯ ಹಿರಿಯರೊಬ್ಬರು ತಾರಸಿಗೆ ಪ್ರೆಷರ್ ಪಂಪು ಕೂರಿಸಿ ಎಂದು ಪಟ್ಟು ಹಿಡಿದರು. ಮೇಲಿನ ಎರಡು ಮಹಡಿಗೆ ಮಾತ್ರ ಸಣ್ಣದೊಂದು ಪಂಪು ಸಾಕು, ಬೇರೆ ಲೈನು ಎಳೆದರೆ ಅದೂ ಬೇಡ ಎಂದೆ. ಕೆಳಗಿನವರು, “ನಮಗೆ ಪ್ರೆಷರ್ ಕಡಿಮೆ ಮಾಡಿ ಅವರಿಗೆ ಪಂಪಾ? ಕರೆಂಟ್ ಬಿಲ್ ಯಾರು ಕಟ್ಟೋದು?” ಎಂದು ಎದ್ದರು. “ಟಾಪ್ ಫ್ಲೋರಿಗೆ ವ್ಯೂ ಇದೆಯಲ್ಲ ಸಾರ್, ನೀರೂ ಬೇಕಾ?” ಎಂದು ಹಿಂದಿನಿಂದ ಯಾರೋ ಅಂದರು. ಜಾರುವ ಪಿ.ಆರ್.ವಿ.ಗಳ ಡಿಸ್ಕು ಬದಲಿಸುವುದು ಪಾಸಾಯಿತು. ತಾರಸಿಯ ಪಂಪಿನ ವಿಷಯ ಮುಂದಿನ ಮೀಟಿಂಗಿಗೆ ಹೋಯಿತು. ಗೇಜು ಆಫೀಸಿನಲ್ಲೇ ಇರಲಿ, ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ ಎಂದು ಸೆಕ್ರೆಟರಿ ಇಸಿದುಕೊಂಡರು. ರಸೀದಿ ಕೊಡಲಿಲ್ಲ.